ಹೋರಾಟಕ್ಕೆ ಜಯ ಅಂತ ಪೋಸ್ಟ್ ಹಾಕಿದೆವು, ಬಸ್ ಎರಡೇ ವಾರ ಬಂತು

ಡೋಣಿ ದಂಡೆ (ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಡಿಗ್ರಿ ಓದುವಾಗ ಮೂರು ವರ್ಷ ನಾನು ಒಂದು ವಿದ್ಯಾರ್ಥಿ ಸಂಘಟನೆಯ ತಾಲ್ಲೂಕು ಘಟಕದಲ್ಲಿ ಇದ್ದೆ. ಯಾವುದು ಅಂತ ಹೇಳುವುದಿಲ್ಲ. ಹೆಸರು ಬಂದ ಕೂಡಲೇ ಮಾತು ಎಡ-ಬಲದ ಕಡೆ ಹೊರಳುತ್ತದೆ, ನಾನು ಕೇಳಬೇಕಾದ್ದು ಹಿಂದೆ ಉಳಿಯುತ್ತದೆ. ಮೈಕ್ ಹಿಡಿಯುವವರು ಬೇರೆ ಇದ್ದರು. ನನ್ನ ಕೆಲಸ ಮೊಬೈಲ್ ಹಿಡಿದು ಅವರ ಎದುರು ನಿಲ್ಲುವುದು. ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಗ್ರೂಪ್ ಎಲ್ಲ ನನ್ನ ಕೈಯಲ್ಲೇ ಇತ್ತು.

2023ರ ಮಳೆಗಾಲದ ಮಾತು. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಮಹಿಳೆಯರಿಗೆ ಬಸ್ ಉಚಿತವಾಯಿತು, ಒಳ್ಳೆಯದೇ ಆಯಿತು. ಆದರೆ ಬಸ್ಸಿನ ಸಂಖ್ಯೆ ಹೆಚ್ಚಲಿಲ್ಲ. ನಮ್ಮ ಕಡೆಯ ಒಂದು ಹಳ್ಳಿಗೆ ಮುಂಜಾನೆ ಬರುವ ಬಸ್ ಬರುವಾಗಲೇ ಬಾಗಿಲ ತನಕ ತುಂಬಿರುತ್ತಿತ್ತು. ಪಾಸ್ ಇದ್ದ ಹುಡುಗರು ಕೈ ಮಾಡಿದರೂ ನಿಲ್ಲುತ್ತಿರಲಿಲ್ಲ. ಒಂದು ದಿನ ನಾವು ಹೋಗಿ ಬಸ್ ತಡೆದೆವು.

ಅವತ್ತು ಒಂದು 60 ಫೋಟೋ ತೆಗೆದಿರಬೇಕು. ಅದರಲ್ಲಿ ಒಂದು ಮಾತ್ರ ಕಣ್ಣಿಗೆ ಹೊಡೆಯುವ ಹಾಗಿತ್ತು. ಪಿಯು ಮೊದಲ ವರ್ಷದ ಹುಡುಗಿ. ನಿಂತ ಬಸ್ಸಿನ ಮುಂದೆ ಇದ್ದಾಳೆ. ಎಡಗೈಯಲ್ಲಿ ಬ್ಯಾಗ್ ಎದೆಗೆ ಅವಚಿಕೊಂಡಿದ್ದಾಳೆ, ಬಲಗೈ ಮೇಲೆತ್ತಿದ್ದಾಳೆ, ಬಾಯಿ ತೆರೆದಿದೆ. ನಾನು ಮೇಲೆ ಬರೆದೆ: ‘ಬೀದಿಗಿಳಿದ ಗ್ರಾಮೀಣ ವಿದ್ಯಾರ್ಥಿನಿ. ಬಸ್ ಬಿಡಿ, ಇಲ್ಲ ಕುರ್ಚಿ ಬಿಡಿ.’ ಸಂಜೆಯೊಳಗೆ ಅದು ತಾಲ್ಲೂಕಿನ ಎಲ್ಲರ ಸ್ಟೇಟಸ್‌ನಲ್ಲಿತ್ತು.

ಆ ಹುಡುಗಿ ಘೋಷಣೆ ಕೂಗುತ್ತಿರಲಿಲ್ಲ. ಆಚೆ ಕಡೆಯಿಂದ ಹೊರಟಿದ್ದ ಟಂಟಂಗೆ (ಬಾಡಿಗೆ ಆಟೋ) ಕೈ ಮಾಡಿ ಕೂಗುತ್ತಿದ್ದಳು. ಅವತ್ತು ಅವಳಿಗೆ ಕಿರು ಪರೀಕ್ಷೆ ಇತ್ತು. ಆ ಟಂಟಂ ನನಗೂ ಕಂಡಿತ್ತು. ಫೋಟೋದಲ್ಲಿ ಬಂದಿರಲಿಲ್ಲ ಅಷ್ಟೇ.

ರಾತ್ರಿ ಅವಳ ತಂದೆ ಫೋನ್ ಮಾಡಿದರು. "ನಮ್ಮ ಹುಡುಗಿ ಬಸ್ ತಡ್ಯಾಕ ಬಂದಿದ್ಲೇನಪಾ? ಆಕಿ ಪರೀಕ್ಷಾಕ್ಕ ಹೊಂಟಿದ್ಲು" ಅಂದರು. ಬೈಯಲಿಲ್ಲ. ಊರಲ್ಲಿ ನಾಲ್ಕು ಜನ ಕೇಳಿದ್ದಕ್ಕೆ ಅವಳನ್ನು ಹನ್ನೊಂದು ದಿನ ಕಾಲೇಜಿಗೆ ಕಳಿಸಲಿಲ್ಲ. ನಾನು ಪೋಸ್ಟ್ ತೆಗೆದೆ. ಆದರೆ ಅದನ್ನು ಇಟ್ಟುಕೊಂಡವರ ಮೊಬೈಲಿನಿಂದ ತೆಗೆಯುವುದು ಹೇಗೆ?

ಆಮೇಲೆ ಬೆಳಗಿನ ಹೆಚ್ಚುವರಿ ಟ್ರಿಪ್ ಶುರುವಾಯಿತು. ‘ಹೋರಾಟಕ್ಕೆ ಸಂದ ಜಯ’ ಅಂತ ಪೋಸ್ಟರ್ ಮಾಡಿ ಹಾಕಿದೆವು. ಎರಡು ವಾರಕ್ಕೆ ಆ ಟ್ರಿಪ್ ನಿಂತಿತು. ನಿಂತಿದ್ದಕ್ಕೆ ಒಂದು ಪೋಸ್ಟೂ ಹಾಕಲಿಲ್ಲ. ಅಷ್ಟರಲ್ಲಿ ಸ್ಕಾಲರ್‌ಶಿಪ್ ವಿಷಯ ಬಂದಿತ್ತು, ಹೊಸ ಬ್ಯಾನರ್ ತಯಾರಾಗಿತ್ತು.

ಇದು ನಮ್ಮ ಘಟಕದ ಕಥೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಹೋರಾಟ ಸರಿ ಅಂತ ಜನರಿಗೆ ತೋರಿಸಬೇಕು, ಅದು ನಿಜ. ದಾರಿ ತಡೆದಿದ್ದೀವಿ, ಜನರಿಗೆ ತೊಂದರೆ ಕೊಟ್ಟಿದ್ದೀವಿ, ಯಾಕೆ ಅಂತ ಹೇಳಲೇಬೇಕು. ಆದರೆ ಅದನ್ನು ನಾವು ಯಾವುದರಿಂದ ತೋರಿಸುತ್ತಿದ್ದೇವೆ? ಸಿಟ್ಟಿನ ಮುಖದಿಂದಲೋ, ಬೇಡಿಕೆಯ ಕಾಗದದಿಂದಲೋ? ಹೋರಾಟದಲ್ಲಿ ಇರುವವರು, ಇದ್ದವರು, ಹೊರಗಿನಿಂದ ನೋಡಿದವರು ಎಲ್ಲರೂ ಹೇಳಿ.

—

ಕುಂದಾನಗರಿ ವರದಿಗಾರ (ಬೆಳಗಾವಿ)

ತಮ್ಮಾ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಮೊದಲು ಧನ್ಯವಾದ.

ಬೆಳಗಾವಿಯಲ್ಲಿ ಇದನ್ನು ವರ್ಷ ವರ್ಷ ನೋಡುತ್ತೇನೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತು. ಅಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ರೈತರು, ಅತಿಥಿ ಉಪನ್ಯಾಸಕರು, ವಿದ್ಯಾರ್ಥಿಗಳು ಎಲ್ಲರೂ ಬೆಳಗಾವಿಗೆ ಬರುತ್ತಾರೆ. ಉಳಿದ ದಿನ ಚನ್ನಮ್ಮ ವೃತ್ತ, ಡಿಸಿ ಆಫೀಸು. ಎಷ್ಟೋ ಸಲ ಪ್ರತಿಭಟನೆ ಶುರುವಾಗುವ ಮೊದಲೇ ನನ್ನ ವಾಟ್ಸಾಪ್‌ಗೆ ಪತ್ರಿಕಾ ಹೇಳಿಕೆ ಬಂದಿರುತ್ತದೆ. ‘ನೂರಾರು ವಿದ್ಯಾರ್ಥಿಗಳು ಪಾಲ್ಗೊಂಡಿದ್ದರು’ ಅಂತ ಅದರಲ್ಲಿ ಆಗಲೇ ಬರೆದಿರುತ್ತದೆ. ಹೋಗಿ ನೋಡಿದರೆ ಹದಿನೈದು ಜನ. ಬ್ಯಾನರ್ ಅಡ್ಡ ಹಿಡಿಯುತ್ತಾರೆ, ಒಬ್ಬ ಮೊಣಕಾಲೂರಿ ಕೆಳಗಿನಿಂದ ಫೋಟೋ ತೆಗೆಯುತ್ತಾನೆ. ಹಾಗೆ ತೆಗೆದರೆ ಮುಂದಿನ ಸಾಲು ದೊಡ್ಡದಾಗಿ ಕಾಣುತ್ತದೆ, ಹಿಂದಿನ ಖಾಲಿ ರಸ್ತೆ ಕಾಣುವುದಿಲ್ಲ.

ಆದರೆ ಇನ್ನೊಂದು ಮಾತೂ ಹೇಳಲೇಬೇಕು. ಹದಿನೈದು ಜನ ಬಂದರು ಅಂತ ಬರೆದರೆ ನಮ್ಮ ಡೆಸ್ಕ್‌ನಲ್ಲಿ ಆ ಸುದ್ದಿ ಉಳಿಯುವುದಿಲ್ಲ. ಉಳಿದರೂ ‘ತಹಶೀಲ್ದಾರರಿಗೆ ಮನವಿ ಸಲ್ಲಿಸಿದರು’ ಅಂತ ಎರಡು ಸಾಲು. ಅವರ ಬೇಡಿಕೆ ಏನು, ಯಾಕೆ ಅಂತ ಬರುವುದಿಲ್ಲ. ಹಾಗಾಗಿ ಹುಡುಗರು ಸಂಖ್ಯೆ ದೊಡ್ಡದು ಮಾಡುವುದನ್ನು ಕಲಿತಿದ್ದು ಮೊಬೈಲಿನಿಂದಲ್ಲ, ನಮ್ಮಿಂದ. ತಮ್ಮ ಪೇಜಿನಲ್ಲಿ ಪೂರ್ತಿ ಕಾರಣ ಬರೆಯುವ ಅವಕಾಶ ಈಗ ಅವರಿಗೆ ಇದೆ. ಅಲ್ಲೂ ನಮ್ಮ ಎರಡು ಸಾಲಿನ ಚಾಳಿಯನ್ನೇ ಮುಂದುವರಿಸುತ್ತಾರಲ್ಲ, ನನಗೆ ಬೇಸರ ಅದಕ್ಕೆ.

—

ರೂಮ್ ನಂಬರ್ 14 (ವಿಜಯಪುರ)

ಅಣ್ಣಾ, ನಿಮ್ಮ ಕಥೆ ಓದಿ ಸಂಕಟವಾಯಿತು. ಆದರೆ ವಿಡಿಯೋ ಇಲ್ಲದಿದ್ದರೆ ನಮ್ಮ ಮಾತು ಯಾರೂ ಕೇಳುವುದಿಲ್ಲ ಅನ್ನುವುದನ್ನು ನಾನು ಹೇಳಲೇಬೇಕು.

ನಾನು ಹಾಸ್ಟೆಲ್‌ನಲ್ಲಿ ಇದ್ದು ಓದುವವಳು. ಅಕ್ಕಿಯಲ್ಲಿ ಹುಳ ಬರುತ್ತಿತ್ತು. ಎರಡು ಸಲ ಬರೆದು ಕೊಟ್ಟೆವು, 40 ಹುಡುಗಿಯರ ಸಹಿ ಹಾಕಿಸಿ. ಏನೂ ಆಗಲಿಲ್ಲ. ಮೂರನೇ ಸಲ ಸಂಘಟನೆಯ ಒಬ್ಬ ಅಕ್ಕ ಬಂದರು. ಅವರು ಹೇಳಿದ್ದು ಒಂದೇ ಮಾತು: "ಯಾರ ಮುಖಾನೂ ಬರಬಾರದು. ತಾಟು ತೋರಿಸಿ, ಕೈ ತೋರಿಸಿ, ಗೋಡೆ ಮೇಲಿನ ಊಟದ ಪಟ್ಟಿ ತೋರಿಸಿ." ಹಾಗೇ ಮಾಡಿದೆವು. ಪಟ್ಟಿಯಲ್ಲಿ ಬರೆದಿದ್ದು ಏನು, ತಾಟಿನಲ್ಲಿ ಇದ್ದಿದ್ದು ಏನು, ಎರಡೂ ಒಂದೇ ವಿಡಿಯೋದಲ್ಲಿ ಬಂತು. ಹಾಡು ಹಾಕಲಿಲ್ಲ. ಹಳೆಯ ಎರಡು ಅರ್ಜಿಗಳ ಫೋಟೋವನ್ನೂ ಕೊನೆಗೆ ಸೇರಿಸಿದೆವು, ತಾರೀಖು ಕಾಣುವ ಹಾಗೆ. ಎರಡು ದಿನದಲ್ಲಿ ಅಧಿಕಾರಿ ಬಂದರು. ಅಕ್ಕಿ ಬದಲಾಯಿತು.

ಆಮೇಲೆ ಏನಾಯಿತು ಗೊತ್ತಾ? ವಿಡಿಯೋ ಮಾಡಿದವರು ಯಾರು ಅಂತ ಹುಡುಕಲು ನಮ್ಮ ಮೊಬೈಲ್ ಎಲ್ಲ ಇಸಿದುಕೊಂಡರು. ಸಿಗಲಿಲ್ಲ. ಸಿಕ್ಕಿದ್ದರೆ ನಾನು ಇವತ್ತು ಊರಲ್ಲಿ ಇರುತ್ತಿದ್ದೆ.

—

ಹಳೆ ಕರಪತ್ರ (ಜಮಖಂಡಿ)

ನಾನು ನಿವೃತ್ತ. ನಿಮಗೆಲ್ಲ ಅಜ್ಜನ ವಯಸ್ಸಿನವನು.

1982ರ ಗೋಕಾಕ್ ಚಳವಳಿಯಲ್ಲಿ ನಾವು ಕರಪತ್ರ ಹಂಚಿದವರು. ರಾತ್ರಿ ಪ್ರೆಸ್‌ನಲ್ಲಿ ಕೂತು ಅಚ್ಚು ಜೋಡಿಸುವವನ ಪಕ್ಕದಲ್ಲೇ ತಿದ್ದುತ್ತಿದ್ದೆವು. ಒಂದು ಪುಟಕ್ಕೆ ದುಡ್ಡು ಕೊಡಬೇಕಲ್ಲ, ಹಾಗಾಗಿ ಸುಮ್ನೆ ಮಾತು ಬರೆಯಲು ಜಾಗ ಇರುತ್ತಿರಲಿಲ್ಲ. ಬೇಡಿಕೆ, ಕಾರಣ, ಸಭೆಯ ಜಾಗ, ದಿನ. ಕೊನೆಗೆ ಪುಟದ ಅಡಿಯಲ್ಲಿ ಪ್ರೆಸ್ಸಿನ ಹೆಸರು, ಊರು. ಅದನ್ನು ಹಾಕದೆ ಯಾವ ಮುದ್ರಕನೂ ಅಚ್ಚು ಹಾಕುತ್ತಿರಲಿಲ್ಲ. 1867ರ ಕಾನೂನು ಹಾಗೆ ಹೇಳುತ್ತಿತ್ತು. ಬ್ರಿಟಿಷರು ನಮ್ಮನ್ನು ಹಿಡಿಯಲು ಮಾಡಿದ ಕಾನೂನು, ನಿಜ. ಆದರೆ ಅದರಿಂದ ಒಂದು ಅಭ್ಯಾಸ ಬಂದಿತ್ತು. ಬರೆದ ಮಾತಿಗೆ ಒಬ್ಬ ಜವಾಬ್ದಾರ ಇರುತ್ತಿದ್ದ. ತಪ್ಪು ಬರೆದರೆ ಮರುದಿನ ಜನ ಪ್ರೆಸ್ಸಿಗೇ ಬರುತ್ತಿದ್ದರು.

ಈಗಿನ ಪೇಜುಗಳಲ್ಲಿ ಯಾರು ಬರೆದರು ಅಂತಲೇ ಗೊತ್ತಾಗುವುದಿಲ್ಲ. ಧ್ವಜ ಇರುತ್ತದೆ, ಹೆಸರು ಇರುವುದಿಲ್ಲ. ನನ್ನ ಪ್ರಕಾರ ಹೆಸರಿಲ್ಲದ ಪೋಸ್ಟನ್ನು ನಂಬಲೇಬಾರದು.

—

ರೂಮ್ ನಂಬರ್ 14

ಅಜ್ಜಾರ, ನನ್ನ ಹೆಸರು ಹಾಕಿದ್ದರೆ ಅಕ್ಕಿ ಬದಲಾಗುವ ಮೊದಲು ನನ್ನ ರೂಮು ಬದಲಾಗುತ್ತಿತ್ತು.

—

ಹಳೆ ಕರಪತ್ರ

ಮಗಳೇ, ಒಪ್ಪಿದೆ. ನಿನ್ನ ಹೆಸರು ಬೇಡ. ನಮ್ಮ ಕರಪತ್ರದಲ್ಲೂ ಹಂಚುವ ಹುಡುಗರ ಹೆಸರು ಇರುತ್ತಿರಲಿಲ್ಲ, ಅದನ್ನು ನಾನು ಮರೆತು ಮಾತಾಡಿದೆ. ಹಾಗಾದರೆ ಸಂಘಟನೆಯ ತಾಲ್ಲೂಕು ಜವಾಬ್ದಾರಿ ಹೊತ್ತವರ ಹೆಸರು ಇರಲಿ. ತಪ್ಪಾದರೆ ಯಾರನ್ನು ಕೇಳಬೇಕು ಅಂತ ಆ ಹುಡುಗಿಯ ತಂದೆಗೆ ಗೊತ್ತಿರಬೇಕು. ಅವರಿಗೆ ಫೋನ್ ನಂಬರ್ ಸಿಕ್ಕಿದ್ದೇ ಪುಣ್ಯ.

—

ಘಟಪ್ರಭಾ (ಬಾಗಲಕೋಟೆ, ಉಪನ್ಯಾಸಕಿ)

ಒಂದು ಮೂಲ ಕಾರಣವನ್ನು ಇಲ್ಲಿ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಓಟು ಹಾಕಿ ಸಂಘ ಆರಿಸುವ ಪದ್ಧತಿ ನಿಂತು ಮೂರು ದಶಕ ದಾಟಿದೆ. ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಅಂತ ಹೇಳಿದ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಜಾರಿ ಮಾಡಿ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಭ್ಯರ್ಥಿಗೆ 75 ಶೇಕಡಾ ಹಾಜರಾತಿ ಇರಬೇಕು, ಖರ್ಚು 5,000 ರೂಪಾಯಿ ದಾಟಬಾರದು, ಅಚ್ಚು ಹಾಕಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಎಷ್ಟು ಒಳ್ಳೆಯ ನಿಯಮ ಅಲ್ವಾ? ಆದರೆ ಚುನಾವಣೆಯೇ ಇಲ್ಲದ ಕಡೆ ಅದರಿಂದ ಏನು ಉಪಯೋಗ?

ಓಟು ಇಲ್ಲದಿದ್ದರೆ ಒಂದು ಸಂಘಟನೆ ‘ನಾವು ವಿದ್ಯಾರ್ಥಿಗಳ ಪರ ಮಾತಾಡುತ್ತೇವೆ’ ಅನ್ನುವುದನ್ನು ಹೇಗೆ ತೋರಿಸಬೇಕು? ಜನ ಸೇರಿದ ಫೋಟೋದಿಂದ, ಲೈಕಿನಿಂದ, ಶೇರಿನಿಂದ. ಅವು ಓಟಿನ ಜಾಗಕ್ಕೆ ಬಂದು ಕೂತಿವೆ. ವ್ಯತ್ಯಾಸ ಏನು ಅಂದರೆ, ಓಟು ಹಾಕಿದವನು ಮುಂದಿನ ವರ್ಷ ಲೆಕ್ಕ ಕೇಳುತ್ತಾನೆ. ಲೈಕ್ ಕೊಟ್ಟವನು ಮರುದಿನ ಮರೆತಿರುತ್ತಾನೆ. ಡೋಣಿ ದಂಡೆಯವರು ಬಸ್ ನಿಂತಾಗ ಒಂದು ಪೋಸ್ಟೂ ಹಾಕಲಿಲ್ಲ ಅಂದರಲ್ಲ, ಯಾಕೆ ಅಂತ ಕೇಳುವ ವ್ಯವಸ್ಥೆಯೇ ಇರಲಿಲ್ಲ.

ನನ್ನ ತರಗತಿಯ ಒಂದು ವಿಷಯ ಹೇಳುತ್ತೇನೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಡಿಗ್ರಿ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಎಐಡಿಎಸ್‌ಒ, ಎಸ್‌ಎಫ್‌ಐ ಎಂಬ ವಿದ್ಯಾರ್ಥಿ ಸಂಘಟನೆಗಳು ಮೊದಲಿನಿಂದ ಆ ನೀತಿಯನ್ನು ವಿರೋಧಿಸಿದ್ದವು, ಇನ್ನೊಂದು ಸಂಘಟನೆ ಎಬಿವಿಪಿ ಅದರ ಪರ ಇತ್ತು. ಆ ವಾರ ನನ್ನ ಮೊಬೈಲ್ ತುಂಬ ಎರಡೂ ಕಡೆಯ ಪೋಸ್ಟುಗಳು. ಒಂದರಲ್ಲಿ ಜಯ, ಇನ್ನೊಂದರಲ್ಲಿ ಅನ್ಯಾಯ. ಆಗ ಎರಡನೇ ವರ್ಷದ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದ. ಬೀಳಗಿ ಕಡೆಯವನು, ತಂದೆ ಇಲ್ಲ, ತಾಯಿ ಕೂಲಿ ಮಾಡುತ್ತಾರೆ. "ಮೇಡಂ, ನಾನು ಆಗಲೇ ಸೇರಿದೀನಲ್ಲ, ನಂದು ಈಗ ಮೂರು ವರ್ಷಾನೋ ನಾಲ್ಕು ವರ್ಷಾನೋ?" ಅಂತ ಕೇಳಿದ. ನಾನು ಎರಡೂ ಕಡೆಯ ಒಂದಿಪ್ಪತ್ತು ಪೋಸ್ಟ್ ಅವನ ಮುಂದೆಯೇ ಓದಿದೆ. ಒಂದರಲ್ಲೂ ಅವನ ಪ್ರಶ್ನೆಗೆ ಉತ್ತರ ಇರಲಿಲ್ಲ. ಕೊನೆಗೆ ಸುತ್ತೋಲೆ ಹುಡುಕಿ ಅವನಿಗೆ ವಿವರಿಸಬೇಕಾಯಿತು. ಹೋರಾಟ ಅವನ ಹೆಸರಿನಲ್ಲೇ ನಡೆದಿತ್ತು.

ಮುಖದ ವಿಷಯಕ್ಕೆ ಬಂದರೆ, 2022ರ ಫೆಬ್ರವರಿಯ ಹಿಜಾಬ್ ವಿವಾದವನ್ನು ನೆನೆಸಿಕೊಳ್ಳಿ. ಯಾವ ಪಕ್ಷದ ಪರವೂ ನಾನು ಇಲ್ಲಿ ಮಾತಾಡುತ್ತಿಲ್ಲ. ಕಾಲೇಜು ಗೇಟಿನ ಮುಂದಿನ ಹದಿನಾರು ಹದಿನೇಳು ವರ್ಷದ ಮಕ್ಕಳ ಮುಖ ದೇಶವೆಲ್ಲ ಓಡಾಡಿತು. ಕೋರ್ಟಿನ ತೀರ್ಪುಗಳು ಬಂದವು, ಸುದ್ದಿ ಬೇರೆ ಕಡೆ ಹೋಯಿತು. ಆ ವಿಡಿಯೋಗಳು ಇನ್ನೂ ಇವೆ. ಆ ಮಕ್ಕಳು ಈಗ ಕೆಲಸ ಹುಡುಕುವ ವಯಸ್ಸಿನಲ್ಲಿದ್ದಾರೆ.

—

ಟಿಕೆಟ್ ಟಿಕೆಟ್ (ಬಾಗಲಕೋಟೆ)

ನಾನು ಬಸ್ಸಿನ ನಿರ್ವಾಹಕ. ಹೆಸರು ಬೇಡ.

ಬಸ್ ತಡೆದಾಗ ಮೊದಲು ಮೊಬೈಲ್ ಬರುವುದು ನಮ್ಮ ಮುಖಕ್ಕೆ. ಒಂದು ಸಲ ನನ್ನ ವಿಡಿಯೋಗೆ ‘ಕಂಡಕ್ಟರ್ ದರ್ಪ’ ಅಂತ ಹಾಕಿದ್ದರು. ನಾನು ಅವತ್ತು ಹೇಳಿದ್ದು "ಒಳಗ 90 ಮಂದಿ ಅದಾರ, ಬಾಗಿಲ ಮುಚ್ಚಾಕ ಬರವಲ್ದು, ಬಿದ್ರ ಯಾರು ಹೊಣೆ?" ಅಂತ. ಕೊನೆಯ ಮೂರು ಪದ ಮಾತ್ರ ಉಳಿಸಿದ್ದರು. ನನ್ನ ಮಗಳು ಅದನ್ನು ಶಾಲೆಯಲ್ಲಿ ಗೆಳತಿಯರ ಮೊಬೈಲಿನಲ್ಲಿ ನೋಡಿ ಬಂದಳು.

ಹೊಸ ಟ್ರಿಪ್ ಹಾಕುವುದು, ತೆಗೆಯುವುದು ನಮ್ಮ ಕೈಯಲ್ಲಿ ಇಲ್ಲ. ಅದು ಡಿಪೋ, ವಿಭಾಗೀಯ ಕಚೇರಿಯ ಕೆಲಸ. ಇನ್ನೊಂದು ವಿಷಯ. ಬಾಗಲಕೋಟೆ, ಬೆಳಗಾವಿ ವಾಯವ್ಯ ಸಾರಿಗೆಗೆ ಬರುತ್ತವೆ, ಕೇಂದ್ರ ಕಚೇರಿ ಹುಬ್ಬಳ್ಳಿ. ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಬರುತ್ತದೆ, ಕೇಂದ್ರ ಕಚೇರಿ ಕಲಬುರಗಿ. ಹುಡುಗರು ಪೋಸ್ಟ್ ಹಾಕುವಾಗ ವಿಜಯಪುರದ ಬಸ್ಸಿಗೆ ಹುಬ್ಬಳ್ಳಿಯವರನ್ನು, ಇಲ್ಲವೇ ಸೀದಾ ಬೆಂಗಳೂರಿನ ನಿಗಮವನ್ನು ಟ್ಯಾಗ್ ಮಾಡುತ್ತಾರೆ. ಸಾವಿರ ಜನ ಶೇರ್ ಮಾಡಿದರೂ ಅದು ಸೇರಬೇಕಾದವರಿಗೆ ಸೇರುವುದಿಲ್ಲ.

ಮಕ್ಕಳ ಬೇಡಿಕೆ ಸುಳ್ಳಲ್ಲ. ಬಸ್ ಸಾಲುತ್ತಿಲ್ಲ ಅಂತ ನಮ್ಮಷ್ಟು ಗೊತ್ತಿರುವವರು ಯಾರೂ ಇಲ್ಲ. ನಮ್ಮನ್ನು ಕೇಳಿದರೆ ಯಾವ ಟ್ರಿಪ್ಪಿಗೆ ಎಷ್ಟು ಜನ ನಿಂತು ಬರುತ್ತಾರೆ ಅಂತ ಬಾಯಿಪಾಠ ಹೇಳುತ್ತೇವೆ. ಯಾರೂ ಕೇಳುವುದಿಲ್ಲ.

—

ಕಾಯ್ದೆ ಓದುವವ (ಬೆಳಗಾವಿ)

ಕಾನೂನಿನ ಕಡೆಯಿಂದ ಎರಡು ಮಾತು.

ಪೋಸ್ಟ್ ಹಾಕಿದ್ದೇ ಅಪರಾಧ ಅಂತ ಹುಡುಗರನ್ನು ಹೆದರಿಸುವವರು ಇದ್ದಾರೆ. ಹಾಗೇನೂ ಇಲ್ಲ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದರೆ ಶಿಕ್ಷೆ ಅಂತ ಹೇಳುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ. 2021ರಲ್ಲಿ ಬೆಂಗಳೂರಿನ 22 ವರ್ಷದ ಪರಿಸರ ಕಾರ್ಯಕರ್ತೆಯನ್ನು ರೈತ ಹೋರಾಟದ ಬೆಂಬಲದ ‘ಟೂಲ್‌ಕಿಟ್’ ಪ್ರಕರಣದಲ್ಲಿ ಬಂಧಿಸಿದ್ದರು. ಜಾಮೀನು ಕೊಡುವಾಗ ದೆಹಲಿಯ ನ್ಯಾಯಾಲಯ, ವಾಟ್ಸಾಪ್ ಗ್ರೂಪ್ ಮಾಡುವುದು ಅಪರಾಧವಲ್ಲ ಅಂತ ಸ್ಪಷ್ಟವಾಗಿ ಹೇಳಿತು.

ಆದರೆ ರಸ್ತೆಯ ವಿಷಯ ಬೇರೆ. ಪೌರತ್ವ ಕಾಯ್ದೆ ವಿರುದ್ಧ ದೆಹಲಿಯ ರಸ್ತೆಯಲ್ಲಿ ಧರಣಿ ನಡೆದ ಶಾಹೀನ್ ಬಾಗ್ ಪ್ರಕರಣದಲ್ಲಿ, 2020ರ ಅಕ್ಟೋಬರ್ 7ರಂದು, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಸಾಮಾಜಿಕ ಜಾಲತಾಣ ಚಳವಳಿಗೆ ಬಲ ಕೊಡುತ್ತದೆ, ಜೊತೆಗೆ ಜನರನ್ನು ಎರಡು ಕಡೆಗೆ ಒಡೆಯುವ ಅಪಾಯವೂ ಇದೆ ಅನ್ನುವ ಮಾತು ಅದೇ ತೀರ್ಪಿನಲ್ಲಿದೆ. ಇನ್ನು ಲೈವ್. ಹೋರಾಟ ಸರಿ ಅಂತ ತೋರಿಸಲು ನೀವು ಮಾಡಿದ ಲೈವ್, ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ ದಾರಿಗೆ ಅಡ್ಡಿ ಮಾಡಿದ ಕೇಸಿಗೆ ಸಾಕ್ಷಿಯೂ ಆಗಬಹುದು. ಮುಂದೆ ನಿಂತ ಪಿಯು ಮಕ್ಕಳಿಗೆ ಇದನ್ನು ಯಾರು ಹೇಳಿದ್ದಾರೆ? ಅವರಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ.

ನಿಂತ ಟ್ರಿಪ್ಪಿನ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ.

—

ಕುಂದಾನಗರಿ ವರದಿಗಾರ

ಆ ಉತ್ತರ ಬಂದರೆ ನನಗೆ ಕಳಿಸಿ. ಎರಡು ಸಾಲಿಗಿಂತ ಜಾಸ್ತಿ ಬರೆಯುತ್ತೇನೆ.

—

ರೂಮ್ ನಂಬರ್ 14

ಇನ್ನೊಂದು ನೆನಪಾಯಿತು. 2025ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜು ಖಾಸಗಿ ಸಹಭಾಗಿತ್ವದಲ್ಲಿ ಬೇಡ, ಪೂರ್ತಿ ಸರ್ಕಾರಿಯೇ ಆಗಬೇಕು ಅಂತ ಧರಣಿ ಕೂತರಲ್ಲ, ಅದರ ಪೋಸ್ಟುಗಳು ನನಗೆ ಇಷ್ಟವಾಗಿದ್ದವು. ಇವತ್ತಿಗೆ ಇಷ್ಟನೇ ದಿನ, ಇವತ್ತು ಕೂತವರು ಇಂಥ ಊರಿನವರು ಅಂತ ಇರುತ್ತಿತ್ತು. ಸುಳ್ಳು ಅನ್ನಿಸಿದರೆ ಹೋಗಿ ಪೆಂಡಾಲ್ ನೋಡಿ ಬರಬಹುದಿತ್ತು. ನಾನೂ ಒಂದು ಸಂಜೆ ಹೋಗಿ ಕೂತು ಬಂದೆ. ಬೇಡಿಕೆ ಏನು ಅಂತ ಅಲ್ಲಿ ಚಹಾ ತರುತ್ತಿದ್ದ ಹುಡುಗನಿಗೂ ಗೊತ್ತಿತ್ತು.

—

ಡೋಣಿ ದಂಡೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಿರ್ವಾಹಕ ಅಣ್ಣಾವರೇ, ನಾವೂ ಹುಬ್ಬಳ್ಳಿಯ ನಿಗಮವನ್ನೇ ಟ್ಯಾಗ್ ಮಾಡಿದ್ದೆವು. ಇವತ್ತು ಹಳೆಯ ಪೋಸ್ಟ್ ತೆಗೆದು ನೋಡಿದೆ. ಮನವಿ ಪತ್ರವನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೊಟ್ಟು ಫೋಟೋ ತೆಗೆಸಿಕೊಂಡು ಬಂದಿದ್ದೆವು. ಸ್ವೀಕೃತಿ ಸೀಲು ಹಾಕಿಸಿಕೊಂಡಿರಲಿಲ್ಲ. ಅದರ ಪ್ರತಿಯೂ ಯಾರ ಹತ್ತಿರ ಇಲ್ಲ. ಫೋಟೋ ಮಾತ್ರ ನಾಲ್ಕು ಜನರ ಹತ್ತಿರ ಇದೆ.

ನಿನ್ನೆ ಧೈರ್ಯ ಮಾಡಿ ಆ ಹುಡುಗಿಯ ಮನೆಗೆ ಫೋನ್ ಮಾಡಿದೆ. ಅವಳು ಈಗ ಡಿಗ್ರಿ ಓದುತ್ತಿದ್ದಾಳೆ. ತಂದೆ ಅವಳ ಕೈಗೇ ಫೋನ್ ಕೊಟ್ಟರು. ನಾನು ತಪ್ಪಾಯಿತು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಣ್ಣಾ, ಫೋಟೋದ್ದು ಅವತ್ತ ಸಿಟ್ಟ ಬಂದಿತ್ತು, ಈಗಿಲ್ಲ. ಬಸ್ ಬಂತು, ಗೆದ್ದೀವಿ ಅಂತ ಹಾಕಿದ್ರಲ್ಲ, ಅದಕ್ಕ ಇನ್ನೂ ಸಿಟ್ಟದ. ನಾನು ಆಮ್ಯಾಲೂ ಎರಡು ವರ್ಷ ಟಂಟಂಗೇ ಹೋದೆ. ದಿನಾ 20 ರೂಪಾಯಿ."

ಅವಳ ತಂಗಿ ಈಗ ಅದೇ ಸ್ಟಾಪಿನಲ್ಲಿ ನಿಲ್ಲುತ್ತಾಳಂತೆ.

ಕಾಯ್ದೆ ಓದುವ ಅಣ್ಣಾ, ಅರ್ಜಿ ಬರೆದಿದ್ದೇನೆ: ಆ ಮಾರ್ಗದ ಬೆಳಗಿನ ಹೆಚ್ಚುವರಿ ಟ್ರಿಪ್ ಯಾವ ದಿನ ಶುರುವಾಯಿತು, ಯಾವ ದಿನ ನಿಂತಿತು, ನಿಲ್ಲಿಸಿದ ಆದೇಶದ ಪ್ರತಿ ಕೊಡಿ, ಈಗ ಆ ಸ್ಟಾಪಿಗೆ ಎಷ್ಟು ವಿದ್ಯಾರ್ಥಿ ಪಾಸ್ ಇವೆ. ಲೆಕ್ಕ ಹಾಕಿದೆ, 150 ಪದದ ಒಳಗೇ ಇದೆ. ಒಂದು ಸಲ ನೋಡಿ ತಿದ್ದಿ ಕೊಡಿ.

—

ಟಿಕೆಟ್ ಟಿಕೆಟ್

ತಮ್ಮಾ, ಅದರಲ್ಲಿ ಇನ್ನೊಂದು ಸಾಲು ಸೇರಿಸು. ಆ ಎರಡು ವಾರ ಆ ಟ್ರಿಪ್ಪಿನಲ್ಲಿ ಎಷ್ಟು ಜನ ಹತ್ತಿದರು ಅಂತ ಕೇಳು. ಆ ಲೆಕ್ಕ ಡಿಪೋದಲ್ಲಿ ಇರುತ್ತದೆ. ಜನ ಇಲ್ಲ ಅಂತ ನಿಲ್ಲಿಸಿದೆವು ಅಂತ ಅವರು ಹೇಳಿದರೆ, ನಿನ್ನ ಕೈಯಲ್ಲಿ ಅವರದೇ ಲೆಕ್ಕ ಇರುತ್ತದೆ.

—

ಡೋಣಿ ದಂಡೆ

ಸೇರಿಸಿದೆ ಅಣ್ಣಾ. ಸೋಮವಾರ ಕೊಡುತ್ತೇನೆ, ಈ ಸಲ ವಿಜಯಪುರದ ವಿಭಾಗೀಯ ಕಚೇರಿಗೆ. ಸೀಲು ಹಾಕಿಸಿದ ಪ್ರತಿಯನ್ನು ಇಲ್ಲೇ ಹಾಕುತ್ತೇನೆ.